ಮುಕ್ತ ತಂತ್ರಾಂಶದ ಪೊಟ್ಟಣ: ಬರೆದವರಿಂದ ಬಳಸುವವರವರೆಗೆ



ದಕ್ಷಿಣ ದೆಹಲಿಯ ಹೌಜ್ ಖಾಸ್ ಪ್ರದೇಶಕ್ಕೆ ಆ ಹೆಸರು ಬಂದಿರುವುದು ಅಲ್ಲಿಯ ಪುರಾತನ ಕೆರೆಯಿಂದ. ಹೌಜ್ ಎಂದರೆ ಕೆರೆ ಅಥವಾ ಕೊಳ. ಖಾಸ್ ಎಂದರೆ ಅರಸರಿಗೆ ಸೇರಿದ್ದು. ಅಲ್ಲಾವುದ್ದೀನ್ ಖಿಲ್ಜಿಯು ತನ್ನ ಸಿರಿ ನಗರದ ನಿವಾಸಿಗಳಿಗೆ ನೀರೊದಗಿಸಲು ಈ ಕೆರೆಯನ್ನು ತೋಡಿಸಿದನು. ಕಾಲಕ್ರಮದಲ್ಲಿ ಅದರಲ್ಲಿ ಹೂಳು ತುಂಬಿತು. 14ನೆಯ ಶತಮಾನದ ಉತ್ತರಾರ್ಧದಲ್ಲಿ ಫಿರೋಜ್ ಷಾ ತುಘಲಕ್ ಹೂಳು ತೆಗೆಸಿ ಕೆರೆಯನ್ನು ಮತ್ತೆ ಬಳಕೆಗೆ ತಂದನು. ಅದರ ದಂಡೆಯ ಮೇಲೆ ಒಂದು ವಿದ್ಯಾಲಯವನ್ನೂ ಕಟ್ಟಿಸಿದನು. ಅವನ ಸಮಾಧಿ ಇಂದಿಗೂ ಅಲ್ಲಿಯೇ ಇದೆ.

ಕೆರೆಯನ್ನು ಕಟ್ಟಿಸುವುದು ಒಂದು ಕೆಲಸ; ಅದರ ನೀರು ಕೆಡದಂತೆ, ಸೋರದಂತೆ, ಪ್ರತಿಯೊಬ್ಬರಿಗೂ ತಲುಪುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಕನ್ನಡ ನಾಡಿನ ಹಳ್ಳಿಗಳಲ್ಲಿ ಈ ಎರಡನೆಯ ಕೆಲಸಕ್ಕೆ ನೀರುಗಂಟಿ ಎಂಬವನಿದ್ದನು. ತೂಬನ್ನು ಯಾವಾಗ ಎತ್ತಬೇಕು, ಯಾವ ಕಾಲುವೆಗೆ ಎಷ್ಟು ನೀರು ಬಿಡಬೇಕು, ಏರಿಯಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನೆಲ್ಲ ಅವನು ಬಲ್ಲನು. ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ದೊರೆಯುತ್ತದೆ. ನೀರುಗಂಟಿಯ ಹೆಸರು ಅಪರೂಪ. ಆದರೆ ಗದ್ದೆಗೆ ನೀರು ಬರುತ್ತಿದ್ದುದು ಅವನ ಕೈಯಿಂದ.

ಹೌಜ್ ಖಾಸ್‌ನ ಅದೇ ಪರಿಸರದಲ್ಲಿ ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಇದೆ. 1961ರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ಇದು 1963ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಅಲ್ಲಿ ಓದುವ, ಕಲಿಸುವ, ಅದರ ಸುತ್ತಮುತ್ತ ವಾಸಿಸುವ ಕನ್ನಡಿಗರಿಗೂ, ದೂರದ ಹಳ್ಳಿಯ ಶಾಲೆಯ ಕನ್ನಡ ಮಕ್ಕಳಿಗೂ ಸಮಾನವಾಗಿ ಸಂಬಂಧಿಸಿದ ವಿಷಯವೊಂದು ಈ ಭಾಷಣದ ವಸ್ತು. ಅದೆಂದರೆ ಗಣಕಯಂತ್ರದ ಮುಕ್ತ ತಂತ್ರಾಂಶಗಳನ್ನು ಪೊಟ್ಟಣ ಕಟ್ಟಿ, ಲಿನಕ್ಸ್ ಬಳಸುವವರಿಗೆ ಹಂಚುವ ಕಾರ್ಯ. ತಂತ್ರಾಂಶ ಬರೆದವರ ಬಗ್ಗೆ ಜನರು ಆಗಾಗ ಕೇಳುತ್ತಾರೆ. ಅದನ್ನು ಮನೆಮನೆಯ ಯಂತ್ರಕ್ಕೆ ತಲುಪಿಸುವ ನೀರುಗಂಟಿಗಳ ಬಗ್ಗೆ ಕೇಳುವುದು ಕಡಿಮೆ.

ಮುಕ್ತ ಎಂದರೇನು?

ಗಣಕಯಂತ್ರಕ್ಕೆ ಏನು ಮಾಡಬೇಕೆಂದು ತಿಳಿಸುವ ಆದೇಶಗಳ ಸಮೂಹವೇ ತಂತ್ರಾಂಶ. ಅದನ್ನು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯಲಾಗುತ್ತದೆ. ಇದಕ್ಕೆ ಮೂಲ ಸಂಕೇತ ಎಂದು ಹೆಸರು. ಯಂತ್ರಕ್ಕೆ ಅರ್ಥವಾಗುವಂತೆ ಅದನ್ನು ಬೇರೊಂದು ರೂಪಕ್ಕೆ ಪರಿವರ್ತಿಸಲಾಗುತ್ತದೆ. ಈ ಎರಡನೆಯ ರೂಪವನ್ನು ಮಾತ್ರ ಮಾರಿ, ಮೂಲ ಸಂಕೇತವನ್ನು ಗುಟ್ಟಾಗಿ ಇಟ್ಟುಕೊಳ್ಳುವ ಪದ್ಧತಿ ಒಂದು. ಮೂಲ ಸಂಕೇತವನ್ನು ಎಲ್ಲರ ಮುಂದಿಟ್ಟು, ಅದನ್ನು ಬಳಸಲು, ಓದಿ ತಿಳಿಯಲು, ತಿದ್ದಲು ಹಾಗೂ ಇತರರಿಗೆ ಹಂಚಲು ಪರವಾನಗಿಯ ಮೂಲಕವೇ ಹಕ್ಕು ಕೊಡುವ ಪದ್ಧತಿ ಇನ್ನೊಂದು. ಈ ಎರಡನೆಯದೇ ಮುಕ್ತ ತಂತ್ರಾಂಶ.

ಇಂಗ್ಲಿಷಿನಲ್ಲಿ ಬೆಲೆಯಿಲ್ಲದ್ದು ಮತ್ತು ಸ್ವತಂತ್ರವಾದದ್ದು ಎಂಬ ಎರಡು ಅರ್ಥಗಳಿಗೂ ಫ್ರೀ ಎಂಬ ಒಂದೇ ಪದವಿರುವುದರಿಂದ ಸಾಕಷ್ಟು ಗೊಂದಲವಾಗಿದೆ. ಕನ್ನಡದಲ್ಲಿ ಆ ತೊಂದರೆ ಇಲ್ಲ. ಉಚಿತ ಎಂಬುದು ಬೇರೆ, ಮುಕ್ತ ಎಂಬುದು ಬೇರೆ. ಮುಕ್ತ ತಂತ್ರಾಂಶವು ಬಹುಪಾಲು ಉಚಿತವಾಗಿ ದೊರೆಯುವುದು ನಿಜ. ಆದರೆ ಅದರ ಮುಖ್ಯ ಗುಣ ಬೆಲೆಯಲ್ಲ, ಅದರ ಮೇಲೆ ಬಳಕೆದಾರನಿಗೆ ಇರುವ ಹಕ್ಕು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ತಿರುಳು ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಇವೆರಡೂ ಕೂಡಿ ಒಂದು ಸಂಪೂರ್ಣ ಕಾರ್ಯಾಚರಣ ವ್ಯವಸ್ಥೆಗೆ ಅಡಿಪಾಯವಾದವು. ಆದರೆ ಇವುಗಳ ಬಿಡಿಭಾಗಗಳು ಜಗತ್ತಿನ ಬೇರೆಬೇರೆ ಕಡೆಗಳಲ್ಲಿ, ಬೇರೆಬೇರೆ ಜನರ ಬಳಿ ಹಂಚಿಹೋಗಿದ್ದವು. ಅವನ್ನು ಒಂದೊಂದಾಗಿ ತಂದು, ಪರಿವರ್ತಿಸಿ, ಒಂದಕ್ಕೊಂದು ಹೊಂದಿಸುವುದು ಪರಿಣತರಿಗೂ ದಿನಗಟ್ಟಲೆಯ ಕೆಲಸವಾಗಿತ್ತು. ಈ ಶ್ರಮವನ್ನು ಕೆಲವರು ಒಮ್ಮೆ ಮಾಡಿ, ಫಲವನ್ನು ಎಲ್ಲರಿಗೂ ಹಂಚಬಾರದೇಕೆ ಎಂಬ ವಿಚಾರದಿಂದ ಹುಟ್ಟಿದವೇ ಲಿನಕ್ಸ್ ವಿತರಣೆಗಳು. 1993ರಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದ ಡೆಬಿಯನ್ ಇವುಗಳಲ್ಲಿ ಪ್ರಮುಖವಾದುದು. ಅದನ್ನು ಇಂದಿಗೂ ಸ್ವಯಂಸೇವಕರೇ ನಡೆಸುತ್ತಿದ್ದಾರೆ. ರೆಡ್ ಹ್ಯಾಟ್, ಫೆಡೋರಾ, ಉಬುಂಟು ಮೊದಲಾದವು ಇತರ ಹೆಸರಾಂತ ವಿತರಣೆಗಳು.

ಪೊಟ್ಟಣದಲ್ಲಿ ಏನಿರುತ್ತದೆ?

ಅಂಗಡಿಯಿಂದ ತಂದ ಔಷಧದ ಪೊಟ್ಟಣದ ಮೇಲೆ ಔಷಧದ ಹೆಸರು, ತಯಾರಿಕೆಯ ತಂಡದ ಸಂಖ್ಯೆ, ಯಾವ ಔಷಧದೊಡನೆ ಸೇವಿಸಬಾರದು ಎಂಬ ಎಚ್ಚರಿಕೆ, ತಯಾರಕರ ವಿಳಾಸ ಇವೆಲ್ಲ ಇರುತ್ತವೆ. ತಂತ್ರಾಂಶದ ಪೊಟ್ಟಣವೂ ಇದೇ ರೀತಿಯದು. ಅದರಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಯಂತ್ರದಲ್ಲಿ ಸ್ಥಾಪಿಸಬೇಕಾದ ಕಡತಗಳು. ಎರಡನೆಯದು ಆ ಕಡತಗಳ ಕುರಿತಾದ ವಿವರ: ತಂತ್ರಾಂಶದ ಹೆಸರು, ಆವೃತ್ತಿಯ ಸಂಖ್ಯೆ, ಯಾವ ಬಗೆಯ ಯಂತ್ರಕ್ಕೆ ಸಿದ್ಧಪಡಿಸಿದ್ದು, ಪೊಟ್ಟಣದ ಪಾಲನೆಯ ಹೊಣೆ ಯಾರದು, ಇದು ಕೆಲಸ ಮಾಡಲು ಬೇರೆ ಯಾವ ಪೊಟ್ಟಣಗಳು ಬೇಕು ಎಂಬ ಸಂಗತಿಗಳು.

ಈ ಕೊನೆಯ ಅಂಶಕ್ಕೆ ಅವಲಂಬನೆ ಎಂದು ಹೆಸರು. ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲುವುದಿಲ್ಲ. ಪತ್ರ ಬರೆಯುವ ತಂತ್ರಾಂಶಕ್ಕೆ ಅಕ್ಷರ ಮೂಡಿಸುವ ತಂತ್ರಾಂಶ ಬೇಕು. ಅದಕ್ಕೆ ಫಾಂಟು ಬೇಕು. ಮುದ್ರಣಕ್ಕೆ ಇನ್ನೊಂದು ಬೇಕು. ಅಡುಗೆಗೆ ಕೂತ ಮೇಲೆ ಉಪ್ಪಿಲ್ಲವೆಂದು ತಿಳಿದಂತೆ ಆಗಬಾರದೆಂದು, ಬೇಕಾದ ಸಾಮಗ್ರಿಯ ಪಟ್ಟಿಯನ್ನು ಪೊಟ್ಟಣ ಕಟ್ಟುವವರು ಮೊದಲೇ ಬರೆದಿರುತ್ತಾರೆ. ಬಳಕೆದಾರನು ಒಂದು ತಂತ್ರಾಂಶವನ್ನು ಕೇಳಿದ ಕೂಡಲೇ ಯಂತ್ರವು ಈ ಪಟ್ಟಿಯನ್ನು ಓದಿ, ಇಲ್ಲದ್ದನ್ನೆಲ್ಲ ತಾನೇ ತರಿಸಿಕೊಳ್ಳುತ್ತದೆ. ಡೆಬಿಯನ್ ಪರಂಪರೆಯ ಪೊಟ್ಟಣಗಳಿಗೆ ಡೆಬ್ ಎಂದೂ ರೆಡ್ ಹ್ಯಾಟ್ ಪರಂಪರೆಯವಕ್ಕೆ ಆರ್‌ಪಿಎಂ ಎಂದೂ ಹೆಸರು. ಎರಡರ ತತ್ತ್ವ ಒಂದೇ.

ಪೊಟ್ಟಣ ಕಟ್ಟುವವರ ಕೆಲಸ ಇಷ್ಟಕ್ಕೆ ಮುಗಿಯುವುದಿಲ್ಲ. ಮೂಲ ಸಂಕೇತದ ಪ್ರತಿಯೊಂದು ಕಡತದ ಹಕ್ಕುಸ್ವಾಮ್ಯ ಯಾರದು, ಪರವಾನಗಿ ಯಾವುದು ಎಂಬುದನ್ನು ಅವರು ಪರಿಶೀಲಿಸಿ ದಾಖಲಿಸಬೇಕು. 1997ರಲ್ಲಿ ಡೆಬಿಯನ್ ತನ್ನ ಸಾಮಾಜಿಕ ಒಡಂಬಡಿಕೆಯನ್ನೂ, ಮುಕ್ತ ತಂತ್ರಾಂಶ ಯಾವುದೆಂದು ನಿರ್ಧರಿಸುವ ಮಾರ್ಗಸೂಚಿಯನ್ನೂ ಪ್ರಕಟಿಸಿತು. ಅದರ ಪ್ರಕಾರ, ಎಷ್ಟೇ ಸುಂದರವಾದ ಫಾಂಟಾದರೂ ಅದನ್ನು ತಿದ್ದುವ ಮತ್ತು ಹಂಚುವ ಹಕ್ಕು ಲಿಖಿತವಾಗಿ ಇಲ್ಲದಿದ್ದರೆ ಮುಖ್ಯ ಭಂಡಾರದಲ್ಲಿ ಅದಕ್ಕೆ ಸ್ಥಾನವಿಲ್ಲ. ಕನ್ನಡದಲ್ಲಿ ಅಂತರಜಾಲದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಾದ ಫಾಂಟು, ಪದಪಟ್ಟಿಗಳನ್ನು ರೂಪಿಸುವವರು ಈ ಅಂಶವನ್ನು ಅಗತ್ಯವಾಗಿ ಗಮನಿಸಬೇಕು. ಪರವಾನಗಿಯ ಒಂದು ಪುಟ ಬರೆಯದೆ ಬಿಟ್ಟರೆ, ವರ್ಷಗಳ ಶ್ರಮ ಸಾರ್ವಜನಿಕರ ಸ್ವತ್ತಾಗದೆ ಉಳಿಯಬಹುದು.

ಒಂದು ಕನ್ನಡ ಅಕ್ಷರದ ಹಿಂದೆ

ಪೊಟ್ಟಣಗಳ ಮಹತ್ವ ಕನ್ನಡಿಗರಿಗೆ ಸ್ಪಷ್ಟವಾಗಬೇಕಾದರೆ, ಪರದೆಯ ಮೇಲೆ ಒಂದು ಕನ್ನಡ ಪದ ಮೂಡುವ ಬಗೆಯನ್ನು ನೋಡುವುದು ಒಳ್ಳೆಯದು. ಸೂರ್ಯ ಎಂಬ ಪದವನ್ನು ತೆಗೆದುಕೊಳ್ಳಬಹುದು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ಈ ಪದ ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹವಾಗುತ್ತದೆ: ಸಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ಸ್ವರವಿಲ್ಲವೆಂದು ಸೂಚಿಸುವ ಚಿಹ್ನೆ, ಯಕಾರ. ಆದರೆ ಬರಹದಲ್ಲಿ ರಕಾರವು ಯಕಾರಕ್ಕಿಂತ ಮುಂದೆ ಇರುವುದಿಲ್ಲ. ಅದು ಅರ್ಕಾವತ್ತಾಗಿ ಯಕಾರದ ನಂತರ ಬರುತ್ತದೆ. ಈ ಸ್ಥಾನಪಲ್ಲಟವನ್ನು ಮಾಡುವುದು ಹಾರ್ಫ್‌ಬಜ್‌ನಂತಹ ಅಕ್ಷರಜೋಡಣೆಯ ತಂತ್ರಾಂಶ. ಒತ್ತಕ್ಷರಗಳ, ಗುಣಿತಾಕ್ಷರಗಳ ಆಕೃತಿಗಳನ್ನು ಒದಗಿಸುವುದು ಫಾಂಟು. ಕೀಲಿಮಣೆಯಿಂದ ಅಕ್ಷರ ಒತ್ತಲು ಕೆ.ಪಿ. ರಾವ್ ಅವರು ರೂಪಿಸಿ, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಬಳಕೆಗೆ ಬಂದ ವಿನ್ಯಾಸವಾಗಲಿ, ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವಾಗಲಿ ಬೇಕು. ಅದು ಮತ್ತೊಂದು ಪೊಟ್ಟಣ.

ಹೀಗೆ ಒಂದು ಪದದ ಹಿಂದೆ ಹಲವು ಪೊಟ್ಟಣಗಳಿವೆ. ಅವುಗಳಲ್ಲಿ ಒಂದು ಇಲ್ಲದಿದ್ದರೂ ಕನ್ನಡ ಓದುವವನಿಗೆ ಅಕ್ಷರದ ಬದಲು ಖಾಲಿ ಚೌಕಗಳ ಸಾಲು ಕಾಣುತ್ತದೆ, ಇಲ್ಲವೇ ಒತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಸಾಮಾನ್ಯ ಗಣಕಯಂತ್ರದಲ್ಲಿ ಅದು ನೆಟ್ಟಗೆ ಕಾಣಲು ಬಹಳ ವರ್ಷಗಳು ಬೇಕಾದವು. ಸ್ಥಾನ ಸಿಕ್ಕರೆ ಸಾಲದು. ಆ ಸ್ಥಾನದಿಂದ ಪರದೆಯವರೆಗಿನ ಪ್ರತಿಯೊಂದು ಮೆಟ್ಟಿಲನ್ನೂ ಯಾರಾದರೂ ಕಟ್ಟಬೇಕು.

ಡೆಬಿಯನ್ ಭಂಡಾರದಲ್ಲಿ ಕನ್ನಡಕ್ಕಾಗಿ ಲೋಹಿತ್, ಗುಬ್ಬಿ, ನವಿಲು ಎಂಬ ಫಾಂಟುಗಳ ಪೊಟ್ಟಣಗಳಿವೆ. ಲೋಹಿತ್ ಎಂಬುದು ಭಾರತೀಯ ಭಾಷೆಗಳಿಗಾಗಿ ರೆಡ್ ಹ್ಯಾಟ್ ಸಂಸ್ಥೆ ಹೊರತಂದ ಫಾಂಟುಗಳ ಸರಣಿ. ಗುಬ್ಬಿ ಮತ್ತು ನವಿಲು ಕನ್ನಡದ ಉತ್ಸಾಹಿಗಳ ಶ್ರಮದಿಂದ ಬಂದವು. ಇವುಗಳ ಜೊತೆಗೆ ಇನ್ನೂ ಒಂದು ವಿಶೇಷವಾದ ಪೊಟ್ಟಣವಿದೆ. ಅದರೊಳಗೆ ಯಾವ ಫಾಂಟೂ ಇಲ್ಲ. ಕನ್ನಡದ ಫಾಂಟುಗಳ ಅವಲಂಬನೆಯ ಪಟ್ಟಿ ಮಾತ್ರ ಇದೆ. ಫಾಂಟುಗಳ ಹೆಸರು ತಿಳಿಯದವನೂ ಕನ್ನಡ ಬೇಕೆಂದು ಒಂದೇ ಪೊಟ್ಟಣ ಕೇಳಿದರೆ ಎಲ್ಲವೂ ಒಟ್ಟಾಗಿ ಬರುತ್ತವೆ. ಇಂತಹ ಸಣ್ಣ ಅನುಕೂಲದ ಹಿಂದೆ ಬಳಕೆದಾರನ ಕಷ್ಟವನ್ನು ಮೊದಲೇ ಊಹಿಸಿದ ಒಬ್ಬ ಪಾಲಕನ ವಿವೇಕವಿದೆ.

ಸಿ.ಡಿ.ಯಿಂದ ಭಂಡಾರದವರೆಗೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆಗ ದೂರವಾಣಿ ತಂತಿಯ ಮೂಲಕ ಸಂಪರ್ಕ ಪಡೆಯಬೇಕಾಗಿತ್ತು. ಸೆಕೆಂಡಿಗೆ 28,800 ಬಿಟ್‌ಗಳ ವೇಗದಲ್ಲಿ ಒಂದು ಸಿ.ಡಿ.ಯಷ್ಟು, ಅಂದರೆ ಸುಮಾರು 650 ಮೆಗಾಬೈಟ್ ಮಾಹಿತಿಯನ್ನು ತರಿಸಿಕೊಳ್ಳಬೇಕಾದರೆ ಎಡೆಬಿಡದೆ ಎರಡು ದಿನಗಳಿಗೂ ಹೆಚ್ಚು ಕಾಲ ಬೇಕು. ನಡುವೆ ಸಂಪರ್ಕ ಕಡಿದರೆ ಶ್ರಮವೆಲ್ಲ ವ್ಯರ್ಥ. ದೂರವಾಣಿಯ ಬಿಲ್ಲು ಬೇರೆ. ಆದ್ದರಿಂದ ಲಿನಕ್ಸ್ ಮುಕ್ತವಾಗಿದ್ದರೂ ಸಾಮಾನ್ಯ ಭಾರತೀಯನ ಕೈಗೆ ಎಟಕುತ್ತಿರಲಿಲ್ಲ.

ಈ ಸಂದರ್ಭದಲ್ಲಿ ನೆರವಿಗೆ ಬಂದದ್ದು ಪತ್ರಿಕೆ. ದೆಹಲಿಯ ಸೈಬರ್ ಮೀಡಿಯಾ ಸಂಸ್ಥೆಯ ಪಿಸಿ ಕ್ವೆಸ್ಟ್ ಮಾಸಪತ್ರಿಕೆಯು 1996ರಲ್ಲಿ ತನ್ನ ಓದುಗರಿಗೆ ಸಂಚಿಕೆಯ ಜೊತೆಯಲ್ಲಿಯೇ ಲಿನಕ್ಸ್ ಸಿ.ಡಿ.ಯನ್ನು ನೀಡಿತು. ಈ ಪ್ರಯತ್ನದ ಮುಂದಾಳಾಗಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಮುಂದಿನ ವರ್ಷಗಳಲ್ಲಿ ಪಿಸಿಕ್ಯು ಲಿನಕ್ಸ್ ಎಂಬ ಹೆಸರಿನಲ್ಲಿ, ಭಾರತದ ಬಳಕೆದಾರರ ಅಗತ್ಯಗಳಿಗೆ ಹೊಂದಿಸಿದ ವಿತರಣೆಯೇ ಪತ್ರಿಕೆಯೊಡನೆ ಬರತೊಡಗಿತು. ದೆಹಲಿಯಲ್ಲಿ ಅಚ್ಚಾದ ಪತ್ರಿಕೆ, ಬೆಂಗಳೂರಿನಲ್ಲಿ ನಡೆದ ಹೊಂದಾಣಿಕೆ, ಅಂಚೆಯ ಮೂಲಕ ಊರೂರಿಗೆ ತಲುಪಿದ ಸಿ.ಡಿ. ಇವು ಸೇರಿ ದೇಶದ ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಲಿನಕ್ಸ್ ಪರಿಚಯ ಮಾಡಿಸಿದವು. ಅತುಲ್ ಚಿಟ್ನಿಸ್ ಅವರು 2013ರಲ್ಲಿ ನಿಧನರಾದರು. ಬೆಂಗಳೂರಿನಲ್ಲಿ ಅವರು ಹಾಗೂ ಅವರ ಸಂಗಡಿಗರು 2001ರಿಂದ ನಡೆಸಿದ ವಾರ್ಷಿಕ ಸಮ್ಮೇಳನಗಳು ಅನೇಕರನ್ನು ಕೇವಲ ಬಳಕೆದಾರರಾಗಿ ಉಳಿಯದೆ ಕೊಡುಗೆ ನೀಡುವವರಾಗಲು ಪ್ರೇರೇಪಿಸಿದವು.

ಈಗ ಸಿ.ಡಿ.ಯ ಕಾಲ ಕಳೆದಿದೆ. ಪೊಟ್ಟಣಗಳೆಲ್ಲ ಅಂತರಜಾಲದ ಭಂಡಾರಗಳಲ್ಲಿವೆ. ಅವುಗಳ ಪಡಿಯಚ್ಚುಗಳು ನಾನಾ ದೇಶಗಳಲ್ಲಿವೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್‌ನ 13ನೆಯ ಆವೃತ್ತಿಯಲ್ಲಿ 69 ಸಾವಿರಕ್ಕೂ ಹೆಚ್ಚು ಪೊಟ್ಟಣಗಳಿವೆ. 2004ರಲ್ಲಿ ಆರಂಭವಾದ ಉಬುಂಟು ಡೆಬಿಯನ್‌ನಿಂದ ಕವಲೊಡೆದದ್ದು. ಕೇರಳ ಸರ್ಕಾರದ ಕೈಟ್ ಸಂಸ್ಥೆಯು ತನ್ನ ರಾಜ್ಯದ ಶಾಲೆಗಳಿಗಾಗಿ ಸಿದ್ಧಪಡಿಸುವ ವ್ಯವಸ್ಥೆ ಉಬುಂಟುವನ್ನು ಆಧರಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಗಣಕ ಕಲಿಯುವುದೂ ಇದರಲ್ಲಿಯೇ. ದೊಡ್ಡ ಕಾಲುವೆಯಿಂದ ಕಿರುಗಾಲುವೆಗೆ ನೀರು ಹರಿಯುವಂತೆ, ಡೆಬಿಯನ್‌ನಲ್ಲಿ ಸೇರಿದ ಪೊಟ್ಟಣ ಸಾಮಾನ್ಯವಾಗಿ ಉಬುಂಟುವಿನ ಭಂಡಾರಕ್ಕೂ ಬರುತ್ತದೆ. ಅಲ್ಲಿಂದ ಅದನ್ನು ಆಧರಿಸಿದ ವ್ಯವಸ್ಥೆಗಳಿಗೆ ದೊರೆಯುತ್ತದೆ. ಕನ್ನಡ ಫಾಂಟಿನ ಒಂದು ಒತ್ತಕ್ಷರದ ದೋಷವನ್ನು ಮೇಲ್ಗಡೆ ಒಮ್ಮೆ ಸರಿಪಡಿಸಿದರೆ, ಗಡಿಯಾಚೆಯ ಶಾಲೆಯ ಪರದೆಯ ಮೇಲೂ ಅದು ಸರಿಯಾಗಬಲ್ಲದು.

ಮುದ್ರೆಯ ಮಹತ್ವ

ಯಾರೋ ಅಪರಿಚಿತರು ಕಟ್ಟಿದ ಪೊಟ್ಟಣವನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜವಾದುದು. ಹಿಂದೆ ಮುಖ್ಯವಾದ ಕಾಗದಪತ್ರಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಮುದ್ರೆ ಒಡೆದಿದ್ದರೆ ಕಾಗದವನ್ನು ಯಾರೋ ಬಿಚ್ಚಿದ್ದಾರೆಂದು ಅರ್ಥ. ಪೊಟ್ಟಣಗಳ ವ್ಯವಸ್ಥೆಯಲ್ಲಿಯೂ ಗಣಿತದ ಆಧಾರದ ಮೇಲೆ ರಚಿಸಿದ ಇಂತಹ ಮುದ್ರೆ ಇದೆ. ಪ್ರತಿಯೊಂದು ಪೊಟ್ಟಣದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ ಒಂದು ಪಟ್ಟಿಯಲ್ಲಿರುತ್ತದೆ. ಆ ಪಟ್ಟಿಗೆ ವಿತರಣೆಯ ಅಂಕಿತವಿರುತ್ತದೆ. ಪೊಟ್ಟಣದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಗುರುತಿನ ಸಂಖ್ಯೆ ತಾಳೆಯಾಗುವುದಿಲ್ಲ. ಬಳಕೆದಾರನ ಯಂತ್ರವು ಅದನ್ನು ಸ್ವೀಕರಿಸುವುದಿಲ್ಲ.

ಪೊಟ್ಟಣವನ್ನು ಸೇರಿಸುವವರ ಗುರುತನ್ನೂ ದೃಢಪಡಿಸಿಕೊಳ್ಳಲಾಗುತ್ತದೆ. ಡೆಬಿಯನ್‌ನ ಸದಸ್ಯರು ಪರಸ್ಪರ ಭೇಟಿಯಾದಾಗ ಗುರುತಿನ ಚೀಟಿಗಳನ್ನು ನೋಡಿ, ಒಬ್ಬರ ಕೀಲಿಗೆ ಇನ್ನೊಬ್ಬರು ಅಂಕಿತ ಹಾಕುವ ಪದ್ಧತಿ ಇದೆ. ಹೊಸಬರು ಕಟ್ಟಿದ ಪೊಟ್ಟಣವನ್ನು ಅನುಭವಿಯೊಬ್ಬರು ಪರೀಕ್ಷಿಸಿ ತಮ್ಮ ಹೊಣೆಯಲ್ಲಿ ಭಂಡಾರಕ್ಕೆ ಸೇರಿಸುತ್ತಾರೆ. ಮೊದಲು ಅದು ಅಸ್ಥಿರ ಎಂಬ ವಿಭಾಗಕ್ಕೆ, ಗಂಭೀರ ದೋಷ ಕಾಣದಿದ್ದರೆ ಪರೀಕ್ಷಾ ವಿಭಾಗಕ್ಕೆ, ಸುಮಾರು ಎರಡು ವರ್ಷಗಳಿಗೊಮ್ಮೆ ನಡೆಯುವ ಬಿಡುಗಡೆಯಲ್ಲಿ ಸ್ಥಿರ ವಿಭಾಗಕ್ಕೆ ಸೇರುತ್ತದೆ. ಈ ನಿಧಾನವೇ ಸಾಮಾನ್ಯ ಬಳಕೆದಾರನಿಗೆ ರಕ್ಷೆ.

ಎರಡು ಪಾಠಗಳು

ಆದರೂ ವ್ಯವಸ್ಥೆ ಲೋಪರಹಿತವೆಂದು ಹೇಳಲಾಗದು. ಇದಕ್ಕೆ ಎರಡು ನಿದರ್ಶನಗಳು ಸಾಕು.

ಮೊದಲನೆಯದು, ಗುಪ್ತಲಿಪಿಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ಸಂಬಂಧಿಸಿದ್ದು. ದೋಷ ಹುಡುಕುವ ಸಾಧನವೊಂದು ಎಚ್ಚರಿಕೆ ನೀಡಿತೆಂಬ ಕಾರಣಕ್ಕೆ 2006ರಲ್ಲಿ ಡೆಬಿಯನ್‌ನ ಪೊಟ್ಟಣದಲ್ಲಿ ಮೂಲ ಸಂಕೇತದ ಒಂದೆರಡು ಸಾಲುಗಳನ್ನು ಸದುದ್ದೇಶದಿಂದಲೇ ತೆಗೆಯಲಾಯಿತು. ಆ ಸಾಲುಗಳೇ ಕೀಲಿಗಳನ್ನು ಊಹಿಸಲಾಗದಂತೆ ಮಾಡುತ್ತಿದ್ದವು. ಪರಿಣಾಮವಾಗಿ, ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗಳು ಸುಮಾರು 32 ಸಾವಿರಕ್ಕೆ ಸೀಮಿತವಾದವು. ಕಳ್ಳನು ಒಂದೊಂದಾಗಿ ಹಾಕಿ ನೋಡಿದರೂ ಬೀಗ ತೆರೆಯಬಹುದಾದಷ್ಟು ಸಣ್ಣ ಗೊಂಚಲು ಅದು. 2008ರ ಮೇ ತಿಂಗಳಲ್ಲಿ ಈ ದೋಷ ಬಹಿರಂಗವಾದಾಗ, ಆ ಅವಧಿಯಲ್ಲಿ ತಯಾರಾದ ಕೀಲಿಗಳನ್ನೆಲ್ಲ ಎಲ್ಲೆಡೆ ಬದಲಾಯಿಸಬೇಕಾಯಿತು. ಪೊಟ್ಟಣ ಕಟ್ಟುವವರು ಕೇವಲ ಕಟ್ಟುವವರಲ್ಲ. ಅವರು ಮುಟ್ಟಿದ ಒಂದು ಸಾಲು ಲಕ್ಷಾಂತರ ಯಂತ್ರಗಳನ್ನು ಮುಟ್ಟುತ್ತದೆ. ಮೂಲ ಲೇಖಕರೊಡನೆ ಸಮಾಲೋಚಿಸದೆ ತಿದ್ದುಪಡಿ ಮಾಡಬಾರದೆಂಬುದು ಇಲ್ಲಿಯ ಪಾಠ.

ಎರಡನೆಯದು 2024ರ ಮಾರ್ಚ್ ತಿಂಗಳಿನದು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಅನೇಕ ವರ್ಷಗಳಿಂದ ಮುಖ್ಯವಾಗಿ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದರು. ನೆರವಿಗೆಂದು ಬಂದ, ಜಿಯಾ ಟಾನ್ ಎಂಬ ಹೆಸರು ಹೇಳಿಕೊಂಡ ವ್ಯಕ್ತಿಯೊಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಪಾಲನೆಯ ಅಧಿಕಾರವನ್ನೂ ಪಡೆದನು. ಅನಂತರ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ದೂರದಿಂದ ಯಂತ್ರದೊಳಗೆ ನುಸುಳಲು ಕಳ್ಳಬಾಗಿಲೊಂದನ್ನು ಅಡಗಿಸಿದನು. ಡೆಬ್ ಅಥವಾ ಆರ್‌ಪಿಎಂ ಪೊಟ್ಟಣವನ್ನು ಕಟ್ಟುವ ವೇಳೆಯಲ್ಲಿ ಮಾತ್ರ ಅದು ಒಳಸೇರುವಂತೆ ಹೆಣೆಯಲಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಯಂತ್ರಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣ ಹುಡುಕುತ್ತಾ ಹೋಗಿ ಈ ಮೋಸವನ್ನು ಬಯಲಿಗೆಳೆದರು. ಆ ವೇಳೆಗೆ ದುಷ್ಟ ಆವೃತ್ತಿಗಳು ಡೆಬಿಯನ್‌ನ ಅಸ್ಥಿರ ಮತ್ತು ಪರೀಕ್ಷಾ ವಿಭಾಗಗಳನ್ನು ತಲುಪಿದ್ದವು. ಸ್ಥಿರ ವಿಭಾಗಕ್ಕೆ ಬಂದಿರಲಿಲ್ಲ.

ಮೂಲ ಸಂಕೇತ ತೆರೆದಿದ್ದುದರಿಂದಲೇ ಹೊರಗಿನ ಒಬ್ಬರು ಅದನ್ನು ಪತ್ತೆಹಚ್ಚುವುದು ಸಾಧ್ಯವಾಯಿತು. ಆದರೆ ಏರಿ ಕಾಯುವ ಭಾರವನ್ನೆಲ್ಲ ಒಬ್ಬನೇ ನೀರುಗಂಟಿಯ ಮೇಲೆ ಹೊರಿಸಿ, ಊರಿನವರು ನಿಶ್ಚಿಂತೆಯಿಂದ ನಿದ್ರಿಸಿದರೆ ಏನಾಗಬಹುದೆಂಬುದನ್ನೂ ಈ ಘಟನೆ ತೋರಿಸಿತು. ಜಗತ್ತಿನ ದೊಡ್ಡ ಸಂಸ್ಥೆಗಳೂ ಸರ್ಕಾರಗಳೂ ಬಳಸುವ ತಂತ್ರಾಂಶದ ಪಾಲಕನು ಸಂಬಳವಿಲ್ಲದೆ, ಸಹಾಯವಿಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿಯುತ್ತಿರಬಹುದು. ಇದು ದಾನಧರ್ಮದ ಪ್ರಶ್ನೆಯಲ್ಲ; ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ.

ಭಾರತದಲ್ಲಿ ನಡೆದಿರುವ ಪ್ರಯತ್ನಗಳು

ಈ ದಿಸೆಯಲ್ಲಿ ಭಾರತದಲ್ಲಿಯೂ ಗಮನಾರ್ಹ ಪ್ರಯತ್ನಗಳು ನಡೆದಿವೆ. ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಅನ್ನು ಆಧರಿಸಿ, ಭಾರತೀಯ ಭಾಷೆಗಳ ಬೆಂಬಲದೊಡನೆ ಬಾಸ್ ಎಂಬ ವಿತರಣೆಯನ್ನು ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿತು. 2015ರಲ್ಲಿ ಕೇಂದ್ರ ಸರ್ಕಾರವು ಮುಕ್ತ ತಂತ್ರಾಂಶಗಳ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು. ಇ-ಆಡಳಿತದ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕು, ಅದನ್ನು ಕೈಬಿಟ್ಟಲ್ಲಿ ಕಾರಣ ಕೊಡಬೇಕು ಎಂಬುದು ಈ ನೀತಿಯ ತಿರುಳು. 2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ಜಾಗತಿಕ ವಾರ್ಷಿಕ ಸಮ್ಮೇಳನವು ಕೇರಳದ ಕೊಚ್ಚಿಯಲ್ಲಿ ನಡೆಯಿತು. ಅದು ಭಾರತದಲ್ಲಿ ನಡೆದ ಇಂತಹ ಮೊದಲನೆಯ ಸಮ್ಮೇಳನ.

ನೀತಿಯನ್ನು ಅಂಗೀಕರಿಸುವುದು ಕೆರೆ ತೋಡಿಸಿದಂತೆ. ಅಷ್ಟಕ್ಕೇ ಕೆಲಸ ಮುಗಿಯಿತೆಂದು ಭಾವಿಸಬಾರದು. ಕಚೇರಿಯೊಂದು ಪರವಾನಗಿಯ ಶುಲ್ಕವಿಲ್ಲದ ತಂತ್ರಾಂಶವನ್ನು ಅಳವಡಿಸಿಕೊಂಡಾಗ ಉಳಿಯುವ ಹಣದಲ್ಲಿ ಒಂದು ಪಾಲು ಅದರ ಪಾಲನೆಗೆ, ಸಿಬ್ಬಂದಿಯ ತರಬೇತಿಗೆ, ಭಾರತೀಯ ಭಾಷೆಗಳ ದೋಷಗಳನ್ನು ತಿದ್ದುವುದಕ್ಕೆ ಹೋಗಬೇಕು. ಒಳಗೆ ಮಾಡಿಕೊಂಡ ತಿದ್ದುಪಡಿಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಮೂಲ ಯೋಜನೆಗೆ ಒಪ್ಪಿಸಬೇಕು. ಹಾಗೆ ಮಾಡದಿದ್ದರೆ ಪ್ರತಿಯೊಂದು ಹೊಸ ಆವೃತ್ತಿ ಬಂದಾಗಲೂ ಅದೇ ತಿದ್ದುಪಡಿಯನ್ನು ಮತ್ತೆ ಮಾಡುತ್ತಾ, ಹೂಳಿನ ಮೇಲೆ ಹೂಳು ತುಂಬಿದಂತಾಗುತ್ತದೆ.

ಸಾರ್ವಜನಿಕರು ಏನು ಮಾಡಬಹುದು?

ಮುಕ್ತ ತಂತ್ರಾಂಶ ಕೇವಲ ತಂತ್ರಜ್ಞರ ವಿಷಯವೆಂದು ಭಾವಿಸಬೇಕಾಗಿಲ್ಲ. ಸಾಮಾನ್ಯ ಬಳಕೆದಾರರು ಅನುಸರಿಸಬಹುದಾದ ಕೆಲವು ಅಂಶಗಳು ಹೀಗಿವೆ.

1. ತಂತ್ರಾಂಶವನ್ನು ಸಾಧ್ಯವಾದಷ್ಟೂ ತಾವು ಬಳಸುವ ವಿತರಣೆಯ ಅಧಿಕೃತ ಭಂಡಾರದಿಂದಲೇ ಪಡೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಹೊಸ ಬಗೆಯ ಪೊಟ್ಟಣಗಳೂ ಬಂದಿವೆ. ಇವು ತಮಗೆ ಬೇಕಾದ ಅವಲಂಬನೆಗಳ ಬಹುಪಾಲನ್ನು ಜೊತೆಯಲ್ಲಿಯೇ ತರುತ್ತವೆ, ಹಲವು ವಿತರಣೆಗಳಲ್ಲಿ ನಡೆಯುತ್ತವೆ. ಅನುಕೂಲ ಹೆಚ್ಚು, ಆದರೆ ಗಾತ್ರ ದೊಡ್ಡದು. ಅವನ್ನು ಕಟ್ಟಿದವರು ಯಾರೆಂಬುದನ್ನು ಬಳಕೆದಾರನೇ ನೋಡಿಕೊಳ್ಳಬೇಕು.

2. ಯಂತ್ರವು ಸುರಕ್ಷತಾ ಪರಿಷ್ಕರಣೆಯನ್ನು ಸೂಚಿಸಿದಾಗ ಮುಂದೂಡದೆ ಸ್ವೀಕರಿಸಬೇಕು. ಪಾಲಕರು ದೋಷವನ್ನು ತಿದ್ದಿ ಕಳುಹಿಸಿದ ಮೇಲೂ ಬಳಕೆದಾರನು ಬಾಗಿಲು ತೆರೆಯದಿದ್ದರೆ ಪ್ರಯೋಜನವಿಲ್ಲ.

3. ಕನ್ನಡದ ಒತ್ತಕ್ಷರ ತಪ್ಪಾಗಿ ಕಂಡರೆ, ಅಕಾರಾದಿ ಜೋಡಣೆ ಕೆಟ್ಟಿದ್ದರೆ, ಅನುವಾದ ಅರ್ಥಕ್ಕೆ ವಿರುದ್ಧವಾಗಿದ್ದರೆ ಅದನ್ನು ಸುಮ್ಮನೆ ಸಹಿಸಿಕೊಳ್ಳಬಾರದು. ಯಾವ ಪದ, ಯಾವ ಫಾಂಟು, ಯಾವ ಆವೃತ್ತಿ, ಹೇಗೆ ಕಾಣಬೇಕಿತ್ತು ಎಂಬುದನ್ನು ಸ್ಪಷ್ಟವಾಗಿ ಬರೆದು ಪೊಟ್ಟಣದ ಪಾಲಕರಿಗೆ ತಿಳಿಸಬೇಕು. ಕನ್ನಡ ಬಾರದ ಪಾಲಕರಿಗೆ ಆ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

4. ಕನ್ನಡದ ಅಧ್ಯಾಪಕರು, ಸಾಹಿತ್ಯಾಭ್ಯಾಸಿಗಳು ತಂತ್ರಾಂಶಗಳ ಸೂಚನೆಗಳನ್ನು ಅನುವಾದಿಸಲು, ಪರಿಶೀಲಿಸಲು ನೆರವಾಗಬಹುದು. ಇದಕ್ಕೆ ಗಣಕ ವಿಜ್ಞಾನದ ಪದವಿ ಬೇಡ. ಭಾಷೆಯ ಮೇಲಿನ ಹಿಡಿತ ಸಾಕು.

5. ವಿದ್ಯಾರ್ಥಿಗಳು ಪಾಲಕರಿಲ್ಲದೆ ಅನಾಥವಾಗಿರುವ ಒಂದು ಸಣ್ಣ ಪೊಟ್ಟಣದಿಂದ ಆರಂಭಿಸಬಹುದು. ಅಂತಹ ಪೊಟ್ಟಣಗಳ ಪಟ್ಟಿಯನ್ನು ವಿತರಣೆಗಳು ಬಹಿರಂಗವಾಗಿಯೇ ಪ್ರಕಟಿಸುತ್ತವೆ. ಹೊಸ ತಂತ್ರಾಂಶ ಬರೆಯುವ ಉತ್ಸಾಹದಷ್ಟೇ, ಇರುವುದನ್ನು ಕಾಪಾಡುವ ಶಿಸ್ತೂ ವಿದ್ಯೆಯ ಒಂದು ಭಾಗ.

ಉಪಸಂಹಾರ

ಕನ್ನಡವು ಗಣಕಯಂತ್ರದಲ್ಲಿ ಉಳಿಯುವುದು, ಬೆಳೆಯುವುದು ಯಾರೋ ಒಂದು ದೊಡ್ಡ ಸಂಸ್ಥೆಯ ಕೃಪೆಯಿಂದ ಮಾತ್ರ ಆಗಬೇಕಾಗಿಲ್ಲ. ಮುಕ್ತ ತಂತ್ರಾಂಶದಲ್ಲಿ ಅದರ ಹಕ್ಕು ಪರವಾನಗಿಯಲ್ಲಿಯೇ ಬರೆದಿದೆ. ಆದರೆ ಹಕ್ಕಿನ ಜೊತೆಗೆ ಹೊಣೆಯೂ ಇದೆ. ಗುಬ್ಬಿಯಾಗಲಿ ನವಿಲಾಗಲಿ, ಮುಂದಿನ ಆವೃತ್ತಿಯಲ್ಲಿಯೂ ಭಂಡಾರದಲ್ಲಿ ಇರಬೇಕಾದರೆ ಆ ಪೊಟ್ಟಣವನ್ನು ನೋಡಿಕೊಳ್ಳುವ ಒಬ್ಬರು ಇರಬೇಕು. ಇಲ್ಲದಿದ್ದರೆ ಹೊಸ ವ್ಯವಸ್ಥೆಗೆ ಹೊಂದದ ಪೊಟ್ಟಣವನ್ನು ಭಂಡಾರದಿಂದ ತೆಗೆಯುವುದೂ ಉಂಟು. ಆಗ ಯಾರೂ ಕನ್ನಡವನ್ನು ನಿಷೇಧಿಸಿರುವುದಿಲ್ಲ. ನೋಡಿಕೊಳ್ಳುವವರಿಲ್ಲದೆ ಅದು ಇಲ್ಲವಾಗಿರುತ್ತದೆ.

ಹೌಜ್ ಖಾಸ್‌ನ ಕೆರೆ ಖಿಲ್ಜಿಯ ಆಜ್ಞೆಯಿಂದ ಹುಟ್ಟಿತು. ಆದರೆ ಅದು ಮುಂದಿನ ಕಾಲಕ್ಕೆ ಉಳಿದದ್ದು, ಇನ್ನೊಬ್ಬರು ಕಟ್ಟಿಸಿದ ಕೆರೆಯ ಹೂಳನ್ನು ತೆಗೆಯುವುದು ತನ್ನ ಕರ್ತವ್ಯವೆಂದು ಮತ್ತೊಬ್ಬನು ತಿಳಿದದ್ದರಿಂದ. ಸಾವಿರಾರು ಕೆರೆಗಳನ್ನು ಕಟ್ಟಿ, ಅವುಗಳ ತೂಬು ಕಾಯಲು ನೀರುಗಂಟಿಯನ್ನು ನೇಮಿಸಿ, ಅವನಿಗೆ ಸುಗ್ಗಿಯಲ್ಲಿ ಕಾಳಿನ ಪಾಲು ಕೊಟ್ಟ ನಾಡಿನ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಕ್ತ ತಂತ್ರಾಂಶದ ಕೆರೆಯೂ ಎಲ್ಲರದು. ಅದರ ನೀರನ್ನು ಬಳಸುವ ಕನ್ನಡಿಗರಲ್ಲಿ ಕೆಲವರಾದರೂ ತೂಬಿನ ಬಳಿ ನಿಲ್ಲಲು ಮುಂದೆ ಬರಲಿ, ಉಳಿದವರು ಅವರ ಶ್ರಮಕ್ಕೆ ತಕ್ಕ ಪಾಲನ್ನು ಮರೆಯದೆ ಸಲ್ಲಿಸಲಿ ಎಂಬ ಆಶಯದೊಂದಿಗೆ ಈ ಭಾಷಣ ಮುಕ್ತಾಯವಾಗುತ್ತದೆ.